ಕಪ್ಪಗಲ್ಲಿನ ಶಿಲಾಚಿತ್ರಗಳು

ಹಡಗಲಿ ತಾಲ್ಲೂಕಿನ ಹೊಳಲಿನಿಂದ ವಿದ್ಯಾರ್ಥಿಯೊಬ್ಬನು ಮೋಟಾರು ಸೈಕಲಿನಲ್ಲಿ ಹೊರಟು, ಹಗರಿಬೊಮ್ಮನಹಳ್ಳಿ, ಹೊಸಪೇಟೆಗಳನ್ನು ದಾಟಿ ಬಳ್ಳಾರಿಯತ್ತ ಸಾಗಿದನೆನ್ನೋಣ. ದಾರಿಯಲ್ಲಿ ಕುಡತಿನಿಯ ಬಳಿ ಅವನು ತಪ್ಪದೆ ನೋಡಬೇಕಾದುದು ಅಲ್ಲಿನ ಬೂದಿದಿಬ್ಬ. ಅದು ನವಶಿಲಾಯುಗದ ದನಗಾಹಿಗಳು ರಾಶಿ ಹಾಕಿ ಸುಟ್ಟ ಸಗಣಿಯ ಅವಶೇಷ. ಈ ದಿಬ್ಬವನ್ನು ನೆನಪಿನಲ್ಲಿಟ್ಟರೆ ಮುಂದೆ ಕಾಣುವ ಚಿತ್ರಗಳ ಅರ್ಥ ಸುಲಭವಾಗುವುದು.

ಬಳ್ಳಾರಿಯ ಈಶಾನ್ಯಕ್ಕೆ ಕೆಲವೇ ಕಿಲೋಮೀಟರುಗಳ ದೂರದಲ್ಲಿ, ಸಂಗನಕಲ್ಲು ಮತ್ತು ಕಪ್ಪಗಲ್ಲು ಗ್ರಾಮಗಳ ಬಳಿ, ಹಿರೇಗುಡ್ಡವಿದೆ. ವಾಹನವನ್ನು ತಪ್ಪಲಿನಲ್ಲಿ ನಿಲ್ಲಿಸಿ ನಡೆದೇ ಹತ್ತಬೇಕು. ಗುಡ್ಡವು ಗ್ರಾನೈಟ್ ಶಿಲೆಯದು. ಅದರ ಬಿರುಕಿನೊಳಗೆ ಭೂಗರ್ಭದಿಂದ ನುಗ್ಗಿದ ಶಿಲಾದ್ರವವು ಘನೀಭವಿಸಿ ಡಾಲರೈಟ್ ಎಂಬ ಕಪ್ಪು ಶಿಲೆಯ ಪಟ್ಟಿಯಾಗಿದೆ. ನವಶಿಲಾಯುಗದವರು ಕೊಡಲಿಗಳನ್ನು ಮಾಡಿದ್ದು ಈ ಶಿಲೆಯಿಂದಲೇ. ಚಿತ್ರಗಳನ್ನು ಮೂಡಿಸಿದ್ದೂ ಇದರ ಮೇಲೆಯೇ.

ಚಿತ್ರಗಳಲ್ಲಿ ಹೆಚ್ಚಿನವು ನೀಳ ಕೋಡಿನ, ಹಿಣಿಲುಳ್ಳ ದನಗಳು. ಇವಕ್ಕೆ ಬಣ್ಣವನ್ನು ಬಳಸಿಲ್ಲ. ಗಾಳಿ, ನೀರುಗಳ ಸಂಪರ್ಕದಿಂದ ಬಂಡೆಯ ಹೊರಮೈ ಕಪ್ಪಾಗಿರುತ್ತದೆ. ಕಲ್ಲಿನಿಂದ ಕುಟ್ಟಿದರೆ ಆ ತೆಳುಪದರ ಕಿತ್ತು, ಒಳಗಿನ ತಿಳಿಬಣ್ಣ ಹೊರಬೀಳುತ್ತದೆ. ಕಾಲ ಕಳೆದಂತೆ ಆ ಗುರುತೂ ಮತ್ತೆ ಕಪ್ಪಾಗುವುದು. ಆದುದರಿಂದ ಒಂದೇ ಬಂಡೆಯಲ್ಲಿ ಮಾಸಿದ ಚಿತ್ರ ಹಳೆಯದು, ತಿಳಿಯಾದುದು ಈಚಿನದು ಎಂದು ಊಹಿಸಬಹುದು. ಆದರೆ ಬಿಸಿಲು, ತೇವಗಳಿಗನುಸಾರವಾಗಿ ಈ ಬದಲಾವಣೆಯ ವೇಗ ಬೇರೆಯಾಗುವುದರಿಂದ, ಇದರಿಂದ ತಿಳಿಯುವುದು ಹಿಂದುಮುಂದಿನ ಕ್ರಮ ಮಾತ್ರ, ವರ್ಷಗಳ ಲೆಕ್ಕವಲ್ಲ.

ಇಲ್ಲಿನ ಕೆಲವು ಬಂಡೆಗಳಲ್ಲಿ ಬಟ್ಟಲಿನಂಥ ಕುಳಿಗಳಿವೆ. ಆ ಕುಳಿಗಳ ಮೇಲೆ ಬಡಿದರೆ ಗಂಟೆಯಂಥ ನಾದ ಹೊರಡುವುದೆಂದು ಪರೀಕ್ಷಿಸಿದವರು ವರದಿ ಮಾಡಿದ್ದಾರೆ. ಚಿತ್ರ ಬಿಡಿಸುವುದೂ ನಾದ ಹೊಮ್ಮಿಸುವುದೂ ಒಂದೇ ಆಚರಣೆಯ ಅಂಗಗಳಾಗಿದ್ದಿರಬಹುದೇ ಎಂಬುದು ವಿದ್ವಾಂಸರ ಪ್ರಶ್ನೆ.

1892ರಲ್ಲಿ ಫಾಸೆಟ್ ಎಂಬಾತನು ಈ ಚಿತ್ರಗಳ ವಿವರಣೆಯನ್ನು ಪ್ರಕಟಿಸಿದನು. ಅನಂತರ ದೀರ್ಘಕಾಲ ವಿದ್ವತ್ ಲೋಕವು ಈ ಸ್ಥಳವನ್ನು ಮರೆತಂತಾಗಿತ್ತು. 2002ರಲ್ಲಿ ನಿಕೋಲ್ ಬೊವಿನ್ ಎಂಬ ಪುರಾತತ್ತ್ವಜ್ಞೆ ಮತ್ತೆ ಅಧ್ಯಯನವನ್ನು ಕೈಗೊಂಡು, ಜಲ್ಲಿಗಾಗಿ ಕಲ್ಲು ಒಡೆಯುವುದರಿಂದ ಈ ಪ್ರದೇಶಕ್ಕೊದಗಿರುವ ಅಪಾಯವನ್ನೂ ಲೋಕಕ್ಕೆ ತಿಳಿಸಿದರು.

ಹೋಗುವ ವಿದ್ಯಾರ್ಥಿಗಳು ಬೆಳಗಿನ ಅಥವಾ ಸಂಜೆಯ ಓರೆಬೆಳಕಿನಲ್ಲಿ, ಪಕ್ಕದಲ್ಲಿ ಅಳತೆಪಟ್ಟಿಯನ್ನು ಹಿಡಿದು ಛಾಯಾಚಿತ್ರ ತೆಗೆಯಲಿ. ಚಿತ್ರಗಳಿಗೆ ಸೀಮೆಸುಣ್ಣ ಬಳಿಯಬಾರದು; ನಾದ ಕೇಳುವ ಆಸೆಯಿಂದ ಬಂಡೆಯನ್ನು ಬಡಿಯಲೂಬಾರದು. ಆದಿಮಾನವನ ಕಲ್ಲೇಟಿನಿಂದ ಚಿತ್ರ ಮೂಡಿತು. ನಮ್ಮ ಕಲ್ಲೇಟಿನಿಂದ ಅದು ಅಳಿಯುವುದು.