ಮರಳಿ ಕೊಡಬಲ್ಲಷ್ಟನ್ನೇ ಒಳಗೆ ತೆಗೆದುಕೊಳ್ಳಿ

'ಬಟನ್ ಒತ್ತಿದೆ, ಆ್ಯಪ್ ನಿಂತುಹೋಯಿತು' ಎಂದಷ್ಟೇ ಬರೆದ ಬಗ್ ರಿಪೋರ್ಟಿನಿಂದ ಡೆವಲಪರಿಗೆ ಏನೂ ತಿಳಿಯುವುದಿಲ್ಲ. ಜೊತೆಗೊಂದು ಲಾಗ್ ಫೈಲ್, ಸ್ಕ್ರೀನ್ ರೆಕಾರ್ಡಿಂಗ್, ಸಾಧ್ಯವಾದರೆ ಕೋರ್ ಡಂಪ್ ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ಬಗ್ ಟ್ರ್ಯಾಕರಿನಲ್ಲಿ ಅಟ್ಯಾಚ್‌ಮೆಂಟಿಗೆ ಹಾಕುವ ಮಿತಿ, ತಂಡದ ಕೈಗೆ ಎಷ್ಟು ಸಾಕ್ಷ್ಯ ತಲುಪುತ್ತದೆ ಎಂಬುದನ್ನು ನಿರ್ಧರಿಸಿಬಿಡುತ್ತದೆ. ಅದನ್ನು ಹೇಗೆ ಗೊತ್ತುಮಾಡಬೇಕು ಎಂದು ನಾನು ಕಲಿತದ್ದು ಬಗ್‌ಝಿಲ್ಲಾ ಸರ್ವರ್ ನೋಡಿಕೊಳ್ಳುತ್ತಿದ್ದ ವರ್ಷಗಳಲ್ಲಿ.

1998ರಲ್ಲಿ ಮೊಝಿಲ್ಲಾ ಯೋಜನೆಗಾಗಿ ಹುಟ್ಟಿದ ಬಗ್‌ಝಿಲ್ಲಾ, ಅಟ್ಯಾಚ್‌ಮೆಂಟುಗಳನ್ನು ಡೇಟಾಬೇಸಿನ ಒಳಗೇ ಇಡುತ್ತದೆ. ನಮ್ಮಲ್ಲಿ ಅದರ ಕೆಳಗೆ ಮೈಎಸ್‌ಕ್ಯೂಎಲ್ 5.6 ಡೇಟಾಬೇಸ್ ಇತ್ತು, ಮುಂದೆ ವೆಬ್ ಸರ್ವರಾಗಿ ಎನ್‌ಜಿನ್‌ಎಕ್ಸ್ ಇತ್ತು. ಟೆಸ್ಟಿಂಗ್ ತಂಡದವರು ದೋಷಗಳನ್ನು ವಿಡಿಯೊ ಮಾಡಿ ಕಳಿಸಲು ಶುರುಮಾಡಿದ ಮೇಲೆ ಒಂದೇ ದೂರು: "ಸರ್, ಐದು ಎಂಬಿ ಫೈಲೂ ಹೋಗ್ತಿಲ್ಲ. ಲಿಮಿಟ್ ಸ್ವಲ್ಪ ಜಾಸ್ತಿ ಮಾಡ್ತೀರಾ?"

ಹುಡುಕುತ್ತಾ ಹೋದರೆ ಮಿತಿ ಒಂದೇ ಕಡೆ ಇರಲಿಲ್ಲ. ಎನ್‌ಜಿನ್‌ಎಕ್ಸ್ ತಾನಾಗಿಯೇ 1 ಎಂಬಿಗಿಂತ ದೊಡ್ಡ ಕೋರಿಕೆಯನ್ನು 413 ಎಂಬ ದೋಷ ಕೊಟ್ಟು ಹಿಂದಕ್ಕೆ ಕಳಿಸುತ್ತದೆ. ಅದನ್ನು ದಾಟಿದರೆ ಬಗ್‌ಝಿಲ್ಲಾದ ಸ್ವಂತ ಮಿತಿ. ಅದು ಆರಂಭದಲ್ಲಿ 1000 ಕೆಬಿ. ಅದರಾಚೆ ಮೈಎಸ್‌ಕ್ಯೂಎಲ್‌ನ 'ಮ್ಯಾಕ್ಸ್ ಅಲೌಡ್ ಪ್ಯಾಕೆಟ್', ಅಂದರೆ ಒಂದು ಬಾರಿಗೆ ಅದು ಸ್ವೀಕರಿಸುವ ಸಂದೇಶದ ಗರಿಷ್ಠ ಗಾತ್ರ. 5.6ರಲ್ಲಿ ಇದು 4 ಎಂಬಿ, 8.0 ಬರುವ ಹೊತ್ತಿಗೆ 64 ಎಂಬಿಗೆ ಏರಿತು. ಕೆರೆ ಎಷ್ಟೇ ತುಂಬಿರಲಿ, ಗದ್ದೆಗೆ ಹರಿಯುವುದು ತೂಬಿನ ಅಳತೆಯಷ್ಟೇ. ಇಲ್ಲಿ ಸಾಲಾಗಿ ತೂಬುಗಳಿದ್ದವು, ಎಲ್ಲಕ್ಕಿಂತ ಕಿರಿದಾದುದರ ಮಾತೇ ನಡೆಯುತ್ತಿತ್ತು.

ಪ್ಯಾಕೆಟ್ ಮಿತಿ 4 ಎಂಬಿ ಇದ್ದರೆ 4 ಎಂಬಿ ಫೈಲ್ ಹಿಡಿಸೀತು ಎಂದು ಲೆಕ್ಕ ಹಾಕುವ ಹಾಗೂ ಇಲ್ಲ. ಫೈಲ್ ಹೋಗುವುದು ಎಸ್‌ಕ್ಯೂಎಲ್ ಆಜ್ಞೆಯೊಂದರ ಒಳಗೆ ಸೇರಿಕೊಂಡು. ಉದ್ಧರಣ ಚಿಹ್ನೆ, ಶೂನ್ಯ ಬೈಟ್ ಮೊದಲಾದವುಗಳ ಹಿಂದೆ ಒಂದೊಂದು ಓರೆಗೆರೆ (ಬ್ಯಾಕ್‌ಸ್ಲ್ಯಾಶ್) ಸೇರುವುದರಿಂದ ಅದು ಅಲ್ಲೇ ಉಬ್ಬುತ್ತದೆ. ಪ್ಯಾಕೆಟ್ ಮಿತಿಯನ್ನು ಅಟ್ಯಾಚ್‌ಮೆಂಟ್ ಮಿತಿಯ ಎರಡು ಪಟ್ಟಿಗಿಂತ ತುಸು ಹೆಚ್ಚಿಗೆ ಇಡುವುದು ನಾನು ರೂಢಿಸಿಕೊಂಡ ಪದ್ಧತಿ. ಇದರಿಂದ ಮೆಮೊರಿ ವ್ಯರ್ಥವಾಗುತ್ತದೆಂದು ಹೆದರಬೇಕಿಲ್ಲ. ಬೇಕಾದಾಗ ಮಾತ್ರ ಮೈಎಸ್‌ಕ್ಯೂಎಲ್ ಅಷ್ಟು ಜಾಗ ತೆಗೆದುಕೊಳ್ಳುತ್ತದೆ. ಆದರೆ ಈ ಬದಲಾವಣೆಯನ್ನು ಕಾನ್ಫಿಗ್ ಫೈಲಿನಲ್ಲೇ ಬರೆಯಬೇಕು. ಓಡುತ್ತಿರುವ ಸರ್ವರಿಗೆ ಆಜ್ಞೆ ಕೊಟ್ಟು ಬದಲಿಸಿದರೆ ಹೊಸ ಸಂಪರ್ಕಗಳಿಗೆ ಮಾತ್ರ ಅನ್ವಯಿಸುತ್ತದೆ, ಸರ್ವರ್ ಮರುಚಾಲೂ ಆದಾಗ ಅಳಿಸಿಹೋಗುತ್ತದೆ.

ಪ್ಯಾಕೆಟ್ ಮಿತಿಯ ಕೆಳಗೆ ಇನ್ನೂ ಒಂದು ತೂಬಿತ್ತು. ಮೈಎಸ್‌ಕ್ಯೂಎಲ್ ಒಳಗೆ ದತ್ತಾಂಶವನ್ನು ಸಂಗ್ರಹಿಸುವ ಇನ್ನೊಡಿಬಿ ಪ್ರತಿ ಬದಲಾವಣೆಯನ್ನೂ ಮೊದಲು ರಿಡೂ ಲಾಗಿನಲ್ಲಿ ಬರೆದಿಡುತ್ತದೆ. 5.6ರ ಕೊನೆಕೊನೆಯ ಆವೃತ್ತಿಗಳಲ್ಲಿ, ಒಂದು ವ್ಯವಹಾರದಲ್ಲಿ ಸೇರಿಸುವ ಬ್ಲಾಬ್ (ಫೈಲಿನಂಥ ದೊಡ್ಡ ಬೈನರಿ) ದತ್ತಾಂಶವು ಒಟ್ಟು ರಿಡೂ ಲಾಗಿನ ಶೇ. 10ನ್ನು ಮೀರುವಂತಿಲ್ಲ. 48 ಎಂಬಿಯ ಎರಡು ಲಾಗ್ ಫೈಲುಗಳಿದ್ದರೆ ಅದು 9.6 ಎಂಬಿ. ಪ್ಯಾಕೆಟ್ ಮಿತಿಯನ್ನು 64 ಎಂಬಿಗೆ ಏರಿಸಿದರೂ 12 ಎಂಬಿ ಫೈಲ್ ಬಿದ್ದುಹೋಗುವುದು ಇಲ್ಲಿಯೇ. ದೋಷದ ಸಂದೇಶವನ್ನು ಕೊನೆಯವರೆಗೂ ಓದುವುದಕ್ಕೆ ಬದಲಿಯೇ ಇಲ್ಲ. ಯಾವ ತೂಬು ತಡೆಯಿತು ಎಂದು ಅದರಲ್ಲೇ ಬರೆದಿರುತ್ತದೆ.

ಇಷ್ಟೆಲ್ಲ ಸರಿಮಾಡಿದರೆ ಫೈಲ್ ಒಳಗೆ ಹೋಗುತ್ತದೆ. ನನ್ನ ಯೋಚನೆಯನ್ನು ಬದಲಿಸಿದ್ದು ಅದು ಹೊರಗೆ ಬರುವ ದಾರಿ. ಪ್ರತಿ ರಾತ್ರಿ ನಾವು ಮೈಎಸ್‌ಕ್ಯೂಎಲ್ ಡಂಪ್ ಮೂಲಕ ಬ್ಯಾಕಪ್ ತೆಗೆಯುತ್ತಿದ್ದೆವು. ಆ ಉಪಕರಣಕ್ಕೂ ಪ್ರತ್ಯೇಕವಾದ ಪ್ಯಾಕೆಟ್ ಮಿತಿಯಿದೆ, 24 ಎಂಬಿ. ಒಂದು ಸಾಲು ಅದಕ್ಕಿಂತ ದೊಡ್ಡದಾದರೆ 2020 ಎಂಬ ದೋಷ ಕೊಟ್ಟು ಡಂಪ್ ನಡುವೆಯೇ ನಿಲ್ಲುತ್ತದೆ. ಬೈನರಿ ದತ್ತಾಂಶವನ್ನು ಹೆಕ್ಸ್ ರೂಪದಲ್ಲಿ ಬರೆಸಿದರೆ ಒಂದು ಬೈಟ್ ಎರಡು ಅಕ್ಷರವಾಗಿ, 10 ಎಂಬಿ ಫೈಲಿನ ಆಜ್ಞೆ 20 ಎಂಬಿ ಆಗುತ್ತದೆ. ಬ್ಯಾಕಪ್ ಯಶಸ್ವಿಯಾದರೂ, ರಿಸ್ಟೋರ್ ಮಾಡುವ ಹೊಸ ಸರ್ವರಿನಲ್ಲಿ ಹಳೆಯ 4 ಎಂಬಿ ಮಿತಿಯೇ ಇದ್ದರೆ ಅದು ಆ ಸಾಲನ್ನು ಒಪ್ಪುವುದಿಲ್ಲ.

ಖಾಲಿ ಯಂತ್ರದಲ್ಲಿ ರಿಸ್ಟೋರಿನ ಅಭ್ಯಾಸ ನಡೆಸಿದಾಗ ಇದರ ನಿಜವಾದ ಅಪಾಯ ಕಣ್ಣಿಗೆ ಬಿತ್ತು. ಡಂಪಿನಲ್ಲಿ ಟೇಬಲ್ಲುಗಳು ಇಂಗ್ಲಿಷ್ ಅಕ್ಷರಮಾಲೆಯ ಕ್ರಮದಲ್ಲಿ ಬರುತ್ತವೆ. ಬಗ್‌ಝಿಲ್ಲಾದಲ್ಲಿ ಫೈಲುಗಳಿರುವ 'ಅಟ್ಯಾಚ್ ಡೇಟಾ' ಟೇಬಲ್ ಮೊದಲು, ಬಗ್‌ಗಳು, ಕಾಮೆಂಟುಗಳು, ಬಳಕೆದಾರರು ಎಲ್ಲ ಆಮೇಲೆ. ಒಂದು ದೋಷ ಕಂಡೊಡನೆ ಮೈಎಸ್‌ಕ್ಯೂಎಲ್ ಕ್ಲೈಂಟ್ ನಿಂತುಬಿಡುತ್ತದೆ. ಹೀಗಾಗಿ ಯಾರೋ ಸೇರಿಸಿದ ಒಂದೇ ಒಂದು ದೊಡ್ಡ ವಿಡಿಯೊ, ವರ್ಷಗಟ್ಟಲೆ ಬರೆದ ಅಷ್ಟೂ ಬಗ್‌ಗಳು ಮರಳಿ ಬರದಂತೆ ತಡೆಯಬಲ್ಲದು.

ಅಂದಿನಿಂದ ಮಿತಿಯನ್ನು ನಾನು ಲೆಕ್ಕ ಹಾಕುವುದು ರಿಸ್ಟೋರಿನ ಕಡೆಯಿಂದ. ಬ್ಯಾಕಪ್‌ನಿಂದ ಖಾಲಿ ಯಂತ್ರಕ್ಕೆ ಯಾವ ಗಾತ್ರದ ಫೈಲ್ ಕೆಡದೆ ಬಂತೋ ಅದು ಮೊದಲು. ರಿಡೂ ಲಾಗ್, ಪ್ಯಾಕೆಟ್, ಬಗ್‌ಝಿಲ್ಲಾ, ವೆಬ್ ಸರ್ವರ್ ಆಮೇಲೆ. ಡೇಟಾಬೇಸಿನ ಮಿತಿಗಳಿಗಿಂತ ಬಗ್‌ಝಿಲ್ಲಾದ ಮಿತಿ ಯಾವಾಗಲೂ ಕಡಿಮೆಯಿರಬೇಕು. ಆಗ ದೊಡ್ಡ ಫೈಲ್ ತಂದವರಿಗೆ ಅರ್ಥವಾಗದ ಡೇಟಾಬೇಸ್ ದೋಷ ಎದುರಾಗುವುದಿಲ್ಲ. 'ಫೈಲ್ ಇಷ್ಟಕ್ಕಿಂತ ದೊಡ್ಡದಾಗಿದೆ' ಎಂಬ ಸ್ಪಷ್ಟ ಮಾತು ಸಿಗುತ್ತದೆ. ಒಮ್ಮೆ ಅರ್ಥವಾಗದ ದೋಷ ಕಂಡವರು ಮುಂದಿನ ಸಲ ಫೈಲ್ ಸೇರಿಸುವ ಗೋಜಿಗೇ ಹೋಗುವುದಿಲ್ಲ. ಆ ನಷ್ಟ ಯಾವ ಲಾಗಿನಲ್ಲೂ ಕಾಣುವುದಿಲ್ಲ.

ಈ ಮಿತಿಗಿಂತ ದೊಡ್ಡ ಫೈಲುಗಳಿಗೆ ಬಗ್‌ಝಿಲ್ಲಾ ಇನ್ನೊಂದು ದಾರಿ ಇಟ್ಟಿದೆ. 'ಮ್ಯಾಕ್ಸ್ ಲೋಕಲ್ ಅಟ್ಯಾಚ್‌ಮೆಂಟ್' ಎಂಬಲ್ಲಿ ಎಂಬಿಗಳಲ್ಲಿ ಗಾತ್ರ ಕೊಟ್ಟರೆ, ಬಗ್‌ಝಿಲ್ಲಾದ ಆ ಸಾಮಾನ್ಯ ಮಿತಿ ಮೀರಿದವು ಸರ್ವರಿನ ಡಿಸ್ಕಿನಲ್ಲಿ ಫೈಲುಗಳಾಗಿಯೇ ಉಳಿಯುತ್ತವೆ. ಕೋರ್ ಡಂಪು, ವಿಡಿಯೊಗಳಿಗೆ ಇದೇ ಸರಿಯಾದ ಜಾಗ. ಆದರೆ ಡೇಟಾಬೇಸ್ ಬ್ಯಾಕಪ್ ಅವುಗಳನ್ನು ಮುಟ್ಟುವುದಿಲ್ಲ. ಆ ಫೋಲ್ಡರನ್ನು ಬ್ಯಾಕಪ್ ಪಟ್ಟಿಗೆ ಸೇರಿಸಿದ ಮೇಲಷ್ಟೇ ಈ ಸೌಲಭ್ಯವನ್ನು ತೆರೆಯಬೇಕು.

ತಂಡದೊಡನೆ ಮಾತಾಡಿದ್ದರಿಂದಲೂ ಬಹಳ ಲಾಭವಾಯಿತು. ಲಾಗ್ ಫೈಲುಗಳನ್ನು ಜಿಜಿಪ್ ಮಾಡಿ, ವಿಡಿಯೊದಲ್ಲಿ ದೋಷ ಕಾಣುವ ಭಾಗವನ್ನಷ್ಟೇ ಕತ್ತರಿಸಿ ಕಳಿಸಿ ಎಂದಾಗ ಯಾರೂ ಬೇಸರಿಸಲಿಲ್ಲ. ಪಠ್ಯದ ಲಾಗುಗಳು ಜಿಜಿಪ್‌ನಲ್ಲಿ ಎಷ್ಟೋ ಪಾಲು ಕುಗ್ಗುತ್ತವೆ, ಚಿಕ್ಕ ವಿಡಿಯೊವನ್ನು ಡೆವಲಪರ್ ಪೂರ್ತಿ ನೋಡುತ್ತಾರೆ.

ಟ್ರ್ಯಾಕರಿಗೆ ಫೈಲ್ ಸೇರಿಸುವವರು ಅದು ಬೇಕಾದಾಗ ಸಿಗುತ್ತದೆಂದು ನಂಬಿರುತ್ತಾರೆ. ಮಿತಿ ಹೆಚ್ಚಿಸಿ ಎಂದು ಯಾರಾದರೂ ಕೇಳಿದರೆ, ಅಷ್ಟೇ ಗಾತ್ರದ ಫೈಲೊಂದನ್ನು ಸೇರಿಸಿ, ಬ್ಯಾಕಪ್ ತೆಗೆದು, ಬೇರೆ ಯಂತ್ರದಲ್ಲಿ ತೆರೆದು ನೋಡಿ. ತೆರೆಯಿತೆಂದರೆ ಧೈರ್ಯವಾಗಿ ಹೆಚ್ಚಿಸಿ.