ಮನಸ್ಸಿನ ಒತ್ತಡ, ಒಂಟಿತನ ಮತ್ತು ನಮ್ಮ ಹೃದಯ



ನಮ್ಮ ಸಂಘದ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಓದಿ, ಆಸ್ಪತ್ರೆಯ ಅಂದಾಜು ಪತ್ರ, ಬಿಲ್ಲು, ರೇಷನ್ ಕಾರ್ಡಿನ ಪ್ರತಿ ಎಲ್ಲವನ್ನೂ ತಾಳೆ ನೋಡಿ ಸಮಿತಿಯ ಮುಂದಿಡುವ ಕೆಲಸ ನಿವೃತ್ತಿಯ ನಂತರ ನನ್ನ ಪಾಲಿಗೆ ಬಂದಿದೆ. ನಾನು ವೈದ್ಯನಲ್ಲ. ಓದಿದ್ದು ಬಿ.ಕಾಂ., ದುಡಿದದ್ದು ಬ್ಯಾಂಕಿನಲ್ಲಿ. ಆದರೆ ಈ ಅರ್ಜಿಗಳಲ್ಲಿ ಹೃದಯದ ಕಾಯಿಲೆಯವು ಎಷ್ಟು ಬರುತ್ತವೆಂದರೆ ಆಂಜಿಯೋಪ್ಲಾಸ್ಟಿ, ಬೈಪಾಸ್, ಎಕೋ ಎಂಬ ಮಾತುಗಳು ಈಗ ನನಗೆ ಡ್ರಾಫ್ಟು, ಚೆಕ್ಕುಗಳಷ್ಟೇ ಪರಿಚಿತವಾಗಿವೆ.

ಅರ್ಜಿಯಲ್ಲಿ ‘ಕಾಯಿಲೆಯ ಹಿನ್ನೆಲೆ’ ಎಂಬ ಕಾಲಂ ಇದೆ. ಅದರಲ್ಲಿ ಬಿ.ಪಿ., ಸಕ್ಕರೆ ಕಾಯಿಲೆ, ಬೀಡಿ ಸೇದುವ ಅಭ್ಯಾಸ ಎಂದೆಲ್ಲ ಬರೆದಿರುತ್ತಾರೆ. ಪರಿಶೀಲನೆಗೆಂದು ಮನೆಗೆ ಹೋದರೆ ಕೇಳುವ ಮಾತು ಬೇರೆಯೇ. ಕೆಲಸ ಮಾಡುತ್ತಿದ್ದ ಹೋಟೆಲು ಮುಚ್ಚಿತು, ಮಗಳ ಮದುವೆಯ ಸಾಲ ಉಳಿದಿದೆ, ಹೆಂಡತಿ ಮಕ್ಕಳು ಊರಿನಲ್ಲಿ, ತಾನು ಇಲ್ಲಿ ಐದು ಜನರ ಜೊತೆ ಒಂದು ಖೋಲಿಯಲ್ಲಿ. ಇದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ. ಜಾಗ ಇರಬೇಕೇ, ಅಥವಾ ಇದು ಬರೀ ಕಷ್ಟ ಹೇಳಿಕೊಳ್ಳುವುದೇ ಎಂಬ ಪ್ರಶ್ನೆ ನನಗೆ ಬಹಳ ದಿನ ಇತ್ತು. ಹಾಗಾಗಿ ಈ ವಿಷಯದಲ್ಲಿ ಸಿಕ್ಕಿದ್ದನ್ನು ಓದಿದೆ. ಓದಿದ್ದರಲ್ಲಿ ಖಚಿತವಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ದೊಡ್ಡ ಲೆಕ್ಕ. 2004ರಲ್ಲಿ ‘ಇಂಟರ್‌ಹಾರ್ಟ್’ ಎಂಬ ಅಧ್ಯಯನ ಪ್ರಕಟವಾಯಿತು. 52 ದೇಶಗಳಲ್ಲಿ ಮೊದಲ ಬಾರಿ ಹೃದಯಾಘಾತವಾದ ಸುಮಾರು 15,000 ಜನರನ್ನು, ಹೆಚ್ಚುಕಡಿಮೆ ಅಷ್ಟೇ ಸಂಖ್ಯೆಯ ಹೃದಯಾಘಾತವಾಗದವರ ಜೊತೆ ಹೋಲಿಸಿ ನೋಡಿದರು. ಇದರ ಮುಂದಾಳು ಡಾ. ಸಲೀಂ ಯೂಸುಫ್ ವೈದ್ಯಕೀಯ ಓದಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಕಾಲೇಜಿನಲ್ಲಿ. ಹೃದಯಾಘಾತದ ಅಪಾಯದ ಬಹುಪಾಲು, ಎಂದರೆ ಸುಮಾರು ಶೇ. 90ರಷ್ಟು, ಒಂಬತ್ತು ಕಾರಣಗಳಿಗೆ ಸೇರುತ್ತದೆ ಎಂದು ಅವರು ಕಂಡುಕೊಂಡರು. ತಂಬಾಕು, ಕೆಟ್ಟ ಕೊಬ್ಬು, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು ಇವೆಲ್ಲ ನಮಗೆ ಗೊತ್ತಿರುವವೇ. ಆ ಒಂಬತ್ತರಲ್ಲಿ ಒಂದು ಮಾನಸಿಕ ಮತ್ತು ಸಾಮಾಜಿಕ ಒತ್ತಡ. ಅದರಲ್ಲಿ ಕೆಲಸದ ಒತ್ತಡ, ಮನೆಯ ಒತ್ತಡ, ಹಣದ ಚಿಂತೆ, ದೊಡ್ಡ ಆಘಾತಗಳು, ಖಿನ್ನತೆ ಎಲ್ಲವೂ ಸೇರಿದ್ದವು. ಅಪಾಯದಲ್ಲಿ ಅದರ ಪಾಲು ಸುಮಾರು ಮೂರನೇ ಒಂದು. (ಇಲ್ಲಿ ಒಂದು ಎಚ್ಚರಿಕೆ: ಈ ಪಾಲುಗಳು ಒಂದರ ಮೇಲೊಂದು ಹೊರಳುತ್ತವೆ, ಕೂಡಿಸಿದರೆ ನೂರು ಬರುವುದಿಲ್ಲ. ಬ್ಯಾಲೆನ್ಸ್ ಷೀಟ್ ನೋಡಿ ಅಭ್ಯಾಸವಾದ ನನಗೆ ಇದನ್ನು ಒಪ್ಪಲು ಸ್ವಲ್ಪ ಹೊತ್ತು ಬೇಕಾಯಿತು.) ಅದೇ ಅಧ್ಯಯನದ ಇನ್ನೊಂದು ಅಂಶ ನಮ್ಮವರು ಗಮನಿಸಬೇಕಾದದ್ದು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಬರುವ ಸರಾಸರಿ ವಯಸ್ಸು 53. ಬೇರೆ ದೇಶದವರಿಗೆ ಸುಮಾರು 59. ಎಂದರೆ ನಮ್ಮವರಿಗೆ ಸಾಲದ ಕಂತು ಮುಗಿಯುವ ಮೊದಲೇ, ಮಕ್ಕಳ ಓದು ನಡೆಯುತ್ತಿರುವಾಗಲೇ ಬರುತ್ತದೆ.

ಮನಸ್ಸಿನ ಸಂಗತಿ ರಕ್ತನಾಳಕ್ಕೆ ಹೇಗೆ ತಲುಪುತ್ತದೆ? ಅಪಾಯ ಕಂಡಾಗ ಮಿದುಳು ನರಗಳ ಮೂಲಕವೂ ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿಗಳ ಮೂಲಕವೂ ದೇಹವನ್ನು ಎಚ್ಚರಿಸುತ್ತದೆ. ಅಡ್ರಿನಲಿನ್ ಹರಿಯುತ್ತದೆ, ಎದೆಬಡಿತ ಮತ್ತು ರಕ್ತದೊತ್ತಡ ಏರುತ್ತವೆ, ರಕ್ತದಲ್ಲಿನ ಪ್ಲೇಟ್‌ಲೆಟ್ ಕಣಗಳು ಅಂಟಂಟಾಗುತ್ತವೆ. ಕಾರ್ಟಿಸಾಲ್ ಎಂಬ ಹಾರ್ಮೋನು ಸಕ್ಕರೆಯನ್ನು ಏರಿಸುತ್ತದೆ. ಹುಲಿ ಎದುರಾದರೆ ಇದೆಲ್ಲ ಉಪಕಾರಿಯೇ. ಓಡಲು ಬಲ ಸಿಗುತ್ತದೆ, ಗಾಯವಾದರೆ ರಕ್ತ ಬೇಗ ಹೆಪ್ಪುಗಟ್ಟುತ್ತದೆ. ಆದರೆ ಹುಲಿ ಬಂದು ಹೋಗುತ್ತದೆ, ಸಾಲಗಾರ ಹೋಗುವುದಿಲ್ಲ. ತಿಂಗಳುಗಟ್ಟಲೆ ಇದೇ ಸ್ಥಿತಿ ಇದ್ದರೆ ರಕ್ತನಾಳದ ಒಳಪದರಕ್ಕೆ ಪೆಟ್ಟು. ಜೊತೆಗೆ ಚಿಂತೆಯಲ್ಲಿರುವವನು ನಿದ್ದೆ ಕಡಿಮೆ ಮಾಡುತ್ತಾನೆ, ಬೀಡಿ ಹೆಚ್ಚು ಸೇದುತ್ತಾನೆ, ನಡಿಗೆ ಬಿಡುತ್ತಾನೆ. ಹಾನಿ ಎರಡೂ ದಾರಿಯಿಂದ ಆಗುತ್ತದೆ.

ಬ್ಯಾಂಕಿನವರಿಗೆ ಹತ್ತಿರವಾದ ಒಂದು ಪ್ರಯೋಗವನ್ನು ಹೇಳಲೇಬೇಕು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಫ್ರೀಡ್‌ಮನ್ ಮತ್ತು ರೋಸೆನ್‌ಮನ್ ಎಂಬ ಇಬ್ಬರು ಹೃದಯ ತಜ್ಞರು ಲೆಕ್ಕಪತ್ರ ಬರೆಯುವವರ ರಕ್ತವನ್ನು ತಿಂಗಳುಗಳ ಕಾಲ ಪರೀಕ್ಷಿಸುತ್ತ ಹೋದರು. ಅಲ್ಲಿ ಆದಾಯ ತೆರಿಗೆ ಸಲ್ಲಿಸಲು ಏಪ್ರಿಲ್ 15 ಕೊನೆಯ ದಿನ. ಆ ದಿನ ಹತ್ತಿರವಾದಂತೆ ಅವರ ಕೊಲೆಸ್ಟರಾಲ್ ಏರಿತು, ರಕ್ತ ಬೇಗ ಹೆಪ್ಪುಗಟ್ಟತೊಡಗಿತು. ಗಡುವು ಮುಗಿದ ಮೇಲೆ ಇಳಿಯಿತು. ಊಟ ತಿಂಡಿಯ ಬದಲಾವಣೆಯಿಂದ ಇದನ್ನು ವಿವರಿಸಲಾಗಲಿಲ್ಲ. 1958ರಲ್ಲಿ ಇದು ಪ್ರಕಟವಾಯಿತು. ಮಾರ್ಚ್ 31ರ ಕ್ಲೋಸಿಂಗ್ ರಾತ್ರಿಗಳನ್ನು ಕಂಡ ನಮ್ಮ ಬ್ಯಾಂಕ್ ಮಿತ್ರರಿಗೆ ಇದಕ್ಕೆ ಬೇರೆ ಸಾಕ್ಷಿ ಬೇಡ.

ಇದೇ ಇಬ್ಬರು ಮುಂದೆ ‘ಟೈಪ್ ಎ’ ಸ್ವಭಾವ ಎಂಬ ಮಾತನ್ನು ಬಳಕೆಗೆ ತಂದರು. ಸದಾ ಅವಸರ, ಸದಾ ಪೈಪೋಟಿ. ನಂತರದ ಅಧ್ಯಯನಗಳಲ್ಲಿ ಆ ವಾದ ಪೂರ್ತಿ ನಿಲ್ಲಲಿಲ್ಲ. ಅವಸರಕ್ಕಿಂತ ಸಿಟ್ಟು, ಹಗೆತನಗಳೇ ಹೆಚ್ಚು ಕೆಟ್ಟವು ಎಂಬಲ್ಲಿಗೆ ಬಂದು ನಿಂತಿದೆ. 1995ರ ಒಂದು ಅಧ್ಯಯನದಲ್ಲಿ, ಜೋರು ಸಿಟ್ಟು ಬಂದ ನಂತರದ ಎರಡು ಗಂಟೆಗಳಲ್ಲಿ ಹೃದಯಾಘಾತದ ಅಪಾಯ ಎರಡು ಪಟ್ಟಿಗೂ ಹೆಚ್ಚಾಗುತ್ತದೆ ಎಂದು ಕಂಡಿತು. 2006ರ ವಿಶ್ವಕಪ್ ಫುಟ್‌ಬಾಲ್ ಜರ್ಮನಿಯಲ್ಲಿ ನಡೆದಾಗ, ಜರ್ಮನ್ ತಂಡ ಆಡಿದ ದಿನಗಳಲ್ಲಿ ಮ್ಯೂನಿಕ್ ಪ್ರದೇಶದ ಹೃದಯ ತುರ್ತು ಪ್ರಕರಣಗಳು ಬೇರೆ ದಿನಗಳ ಎರಡೂವರೆ ಪಟ್ಟಿಗಿಂತ ಹೆಚ್ಚಿದ್ದವು. ಕ್ರಿಕೆಟ್ ನೋಡುತ್ತ ಟಿ.ವಿ.ಗೆ ಬೈಯುವ ನಮ್ಮ ಹಿರಿಯರು ಇದನ್ನು ಗಮನಿಸಲಿ.

ದುಃಖದ ಮಾತೂ ಹಾಗೆಯೇ. ಹತ್ತಿರದವರು ತೀರಿಕೊಂಡ ಮೊದಲ 24 ಗಂಟೆಗಳಲ್ಲಿ ಹೃದಯಾಘಾತದ ಸಂಭವ ಮಾಮೂಲಿಗಿಂತ 21 ಪಟ್ಟು ಹೆಚ್ಚು ಎಂದು 2012ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. 21 ಪಟ್ಟು ಎಂದೊಡನೆ ಯಾರೂ ಹೆದರಬೇಕಿಲ್ಲ. ಒಂದೇ ದಿನದಲ್ಲಿ ಹೃದಯಾಘಾತವಾಗುವ ಮೂಲ ಸಂಭವವೇ ಬಹಳ ಸಣ್ಣದು, ಅದನ್ನು 21ರಿಂದ ಗುಣಿಸಿದರೂ ಸಣ್ಣದೇ. ಆದರೆ ಮೊದಲೇ ಹೃದಯ ಕಾಯಿಲೆ ಇರುವವರು ಮನೆಯಲ್ಲಿ ಸಾವಾದ ದಿನ ಮಾತ್ರೆ ಮರೆಯುವುದು, ಊಟ ಬಿಡುವುದು, ರಾತ್ರಿ ಬಸ್ಸು ಹತ್ತಿ ಊರಿಗೆ ಓಡುವುದು ನಮ್ಮಲ್ಲಿ ಸಾಮಾನ್ಯ. ಅಂದು ಪಕ್ಕದ ಮನೆಯವರು ಯಾರಾದರೂ ಆ ಮಾತ್ರೆಯ ಡಬ್ಬಿಯ ಕಡೆ ಒಂದು ಕಣ್ಣಿಟ್ಟರೆ ದೊಡ್ಡ ಉಪಕಾರ. ಜಪಾನಿನ ವೈದ್ಯರು 1990ರಲ್ಲಿ ‘ಟಕೊಟ್ಸುಬೊ’ ಎಂಬ ಹೆಸರಿನಲ್ಲಿ ಇನ್ನೊಂದು ಸ್ಥಿತಿಯನ್ನು ವಿವರಿಸಿದರು. ತೀವ್ರ ಆಘಾತದಲ್ಲಿ ಹೃದಯದ ಎಡ ಕೋಣೆ, ಅಲ್ಲಿನ ಬೆಸ್ತರು ಆಕ್ಟೋಪಸ್ ಹಿಡಿಯಲು ಬಳಸುವ ಗಡಿಗೆಯ ಆಕಾರಕ್ಕೆ ಉಬ್ಬುತ್ತದೆ. ಮುಟ್ಟು ನಿಂತ ಹೆಂಗಸರಲ್ಲಿ ಹೆಚ್ಚು. ರಕ್ತನಾಳದಲ್ಲಿ ಅದಕ್ಕೆ ಕಾರಣವಾಗುವಂಥ ಅಡ್ಡಿ ಇರುವುದಿಲ್ಲ, ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸರಿಹೋಗುತ್ತದೆ. ‘ಎದೆ ಒಡೆಯಿತು’ ಎನ್ನುವುದು ಬರೀ ಮಾತಲ್ಲ ಎಂದಾಯಿತು.

ಇನ್ನು ದುಡಿಮೆಯ ವಿಷಯ. ದೊಡ್ಡ ಸಾಹೇಬರಿಗೇ ಟೆನ್ಷನ್ ಹೆಚ್ಚು, ಪೇದೆಗೇನು ಎಂದು ಹೇಳುವವರನ್ನು ನಾನು ನೌಕರಿಯುದ್ದಕ್ಕೂ ಕಂಡಿದ್ದೇನೆ. ಲಂಡನ್ನಿನ ಸರಕಾರಿ ನೌಕರರ ಮೇಲೆ 1967ರಲ್ಲಿ ಆರಂಭವಾದ ‘ವೈಟ್‌ಹಾಲ್’ ಅಧ್ಯಯನ ಇದನ್ನು ತಲೆಕೆಳಗು ಮಾಡಿತು. ಹೃದ್ರೋಗದ ಸಾವು ಅತಿ ಕೆಳಗಿನ ದರ್ಜೆಯವರಲ್ಲಿ ಮೇಲಿನ ದರ್ಜೆಯವರಿಗಿಂತ ಮೂರು ಪಟ್ಟಿಗೂ ಹೆಚ್ಚು. ಬೀಡಿ, ಬಿ.ಪಿ. ಎಲ್ಲ ಲೆಕ್ಕ ಹಿಡಿದರೂ ಆ ಅಂತರದ ದೊಡ್ಡ ಭಾಗ ಹಾಗೆಯೇ ಉಳಿಯಿತು. ಮೈಕೆಲ್ ಮಾರ್ಮಟ್ ಎಂಬ ತಜ್ಞರು ನಡೆಸಿದ ಎರಡನೆಯ ಅಧ್ಯಯನದಲ್ಲಿ ಒಂದು ಕಾರಣ ಕಂಡಿತು: ತನ್ನ ಕೆಲಸದ ಮೇಲೆ ತನಗೇ ಹಿಡಿತವಿಲ್ಲದಿರುವುದು. ಯಾವಾಗ ಬರಬೇಕು, ಯಾವಾಗ ಕುಳಿತುಕೊಳ್ಳಬೇಕು ಎಲ್ಲವನ್ನೂ ಬೇರೆಯವರು ನಿರ್ಧರಿಸುವ ಕೆಲಸ. ಕ್ಯಾಂಟೀನಿನಲ್ಲಿ, ಕಾವಲಿನಲ್ಲಿ, ಕೊರಿಯರ್‌ನಲ್ಲಿ ದುಡಿಯುವ ನಮ್ಮ ಅರ್ಜಿದಾರರನ್ನು ನೆನೆದುಕೊಂಡೇ ಇದನ್ನು ಓದಿದೆ.

ಜನಬಳಕೆಯ ಬಗ್ಗೆ ಹೆಚ್ಚಾಗಿ ಹೇಳುವ ಕಥೆ ಅಮೆರಿಕದ ರೊಸೆಟೊ ಎಂಬ ಸಣ್ಣ ಊರಿನದು. ಇಟಲಿಯ ಒಂದೇ ಹಳ್ಳಿಯಿಂದ ವಲಸೆ ಬಂದವರ ಊರು. ಕಲ್ಲು ಗಣಿಯ ಕೆಲಸ, ಕೊಬ್ಬಿನ ಅಡುಗೆ, ಹೊಗೆಬತ್ತಿಯೂ ಇತ್ತು. ಆದರೂ ಹೃದಯಾಘಾತದ ಸಾವು ಪಕ್ಕದ ಬ್ಯಾಂಗರ್ ಊರಿಗಿಂತ ಬಹಳ ಕಡಿಮೆ ಎಂದು 1960ರ ದಶಕದಲ್ಲಿ ಸ್ಟೀವರ್ಟ್ ವೂಲ್ಫ್ ಎಂಬ ವೈದ್ಯರು ಗುರುತಿಸಿದರು. ಒಂದೇ ಮನೆಯಲ್ಲಿ ಮೂರು ತಲೆಮಾರು, ಸಂಜೆ ಜಗಲಿ ಹರಟೆ, ಹಬ್ಬ ಎಲ್ಲರದು. ಮುಂದೆ ಮಕ್ಕಳು ದೊಡ್ಡ ಮನೆ ಕಟ್ಟಿಕೊಂಡು ಬೇರೆಯಾದಂತೆ ಆ ಅಂತರವೂ ಅಳಿಸಿಹೋಯಿತು. ಊರು ಚಿಕ್ಕದು, ಆದ್ದರಿಂದ ಇದೊಂದನ್ನೇ ನಂಬಿ ಕೂರಬಾರದು. ಆದರೆ 2016ರಲ್ಲಿ 23 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ, ಒಂಟಿತನ ಅಥವಾ ಜನಸಂಪರ್ಕದ ಕೊರತೆ ಇರುವವರಿಗೆ ಹೃದಯ ಕಾಯಿಲೆಯ ಅಪಾಯ ಶೇ. 29, ಪಾರ್ಶ್ವವಾಯುವಿನ ಅಪಾಯ ಶೇ. 32 ಹೆಚ್ಚು ಎಂದೇ ಬಂತು.

ಬೆಂಬಲ ಎಂದರೆ ಬರೀ ಸಮಾಧಾನದ ಮಾತಲ್ಲ. ನಮ್ಮ ನಿಧಿಯಿಂದಲೇ ನೆರವು ಪಡೆದ ಒಬ್ಬರ ಸಂಗತಿ ಹೇಳುತ್ತೇನೆ. ಐವತ್ತರ ಆಸುಪಾಸು, ಕ್ಯಾಂಟೀನ್ ಕೆಲಸ, ಸ್ಟೆಂಟ್ ಹಾಕಿಸಿಕೊಂಡು ಬಂದರು. ಮಾತ್ರೆಯ ಖರ್ಚು ಸಂಘದ್ದೇ. ಎರಡು ತಿಂಗಳಲ್ಲಿ ಮಾತ್ರೆ ನಿಲ್ಲಿಸಿಬಿಟ್ಟರು. ಎದೆ ನೋವು ಹೋಗಿದೆ, ಇನ್ನೇಕೆ ಎಂದುಕೊಂಡರಂತೆ. ಖೋಲಿಯಲ್ಲಿದ್ದವರೆಲ್ಲ ಬೇರೆ ಬೇರೆ ಪಾಳಿಯವರು, ಕೇಳುವವರಿಲ್ಲ. ಸ್ಟೆಂಟ್ ಹಾಕಿದ ಮೇಲೆ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ನಿಲ್ಲಿಸಿದರೆ ಸ್ಟೆಂಟಿನೊಳಗೇ ರಕ್ತ ಗಟ್ಟಿಯಾಗಬಹುದು. ಅವರಿಗೆ ಹಾಗೇ ಆಯಿತು. ಮತ್ತೆ ಆಸ್ಪತ್ರೆ, ಮತ್ತೆ ಅರ್ಜಿ. ಬದುಕಿದರು. ಎರಡನೆಯ ಸಲ ಹೆಂಡತಿಯನ್ನು ಊರಿನಿಂದ ಕರೆಸಿದರು, ನಮ್ಮ ಸಮಿತಿಯ ಒಬ್ಬರು ವಾರಕ್ಕೊಮ್ಮೆ ಫೋನು ಮಾಡಿದರು. ಈಗ ಮಾತ್ರೆ ತಪ್ಪಿಲ್ಲ.

ಹೃದಯಾಘಾತದ ನಂತರ ಖಿನ್ನತೆ ಬರುವುದು ಸಾಮಾನ್ಯ, ಬಂದವರಲ್ಲಿ ಸಾವಿನ ಅಪಾಯವೂ ಹೆಚ್ಚು. ಗಂಡಸರು ಇದನ್ನು ಹೇಳಿಕೊಳ್ಳುವುದಿಲ್ಲ. ಸುಮ್ಮನೆ ಗೋಡೆ ನೋಡುತ್ತ ಮಲಗುತ್ತಾರೆ. ನಿದ್ದೆ ಇಲ್ಲ, ಊಟ ಸೇರದು, ಯಾವುದರಲ್ಲೂ ಆಸಕ್ತಿ ಇಲ್ಲ ಎಂಬುದು ಎರಡು ವಾರ ದಾಟಿದರೆ ವೈದ್ಯರಿಗೆ ಹೇಳಬೇಕು. ಕೇಂದ್ರ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416 ಉಚಿತ, ಅದರ ನೋಡಲ್ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಇನ್ನೊಂದು ಮಗ್ಗುಲನ್ನೂ ಹೇಳದಿದ್ದರೆ ಲೆಕ್ಕ ಸರಿಯಾಗದು. ಹೃದಯಾಘಾತವಾದ ಸುಮಾರು 2,500 ಜನರಲ್ಲಿ ಖಿನ್ನತೆ ಮತ್ತು ಒಂಟಿತನಕ್ಕೆ ಚಿಕಿತ್ಸೆ ಕೊಟ್ಟು ನೋಡಿದ ಅಮೆರಿಕದ ಪ್ರಯೋಗವೊಂದರಲ್ಲಿ (2003) ಮನಸ್ಸು ಸುಧಾರಿಸಿತು, ಆದರೆ ಸಾವು ಮತ್ತು ಮರು ಹೃದಯಾಘಾತ ಕಡಿಮೆಯಾಗಲಿಲ್ಲ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು 4,000 ರೋಗಿಗಳ ಮೇಲೆ ನಡೆದ ಯೋಗ ಪ್ರಯೋಗದಲ್ಲೂ (2020) ಜನ ಬೇಗ ಮೊದಲಿನ ಕೆಲಸಕಾರ್ಯಗಳಿಗೆ ಮರಳಿದರು, ಆರೋಗ್ಯ ಚೆನ್ನಾಗಿದೆ ಎಂದರು. ಸಾವಿನ ಸಂಖ್ಯೆಯ ಬಗ್ಗೆ ಖಚಿತ ಉತ್ತರ ಸಿಗಲಿಲ್ಲ. ಆದ್ದರಿಂದ ಪ್ರಾಣಾಯಾಮ ಮಾಡುತ್ತೇನೆ, ಬಿ.ಪಿ. ಮಾತ್ರೆ ಬೇಡ ಎನ್ನುವವರ ಮಾತು ಕೇಳಬೇಡಿ. ಎದೆ ಬಿಗಿತ, ಎಡಗೈಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು ಇದ್ದರೆ ‘ಟೆನ್ಷನ್ ಇರಬೇಕು’, ‘ಗ್ಯಾಸ್ ಇರಬೇಕು’ ಎಂದು ಕೂರದೆ 108ಕ್ಕೆ ಫೋನು ಮಾಡಿ ಆಸ್ಪತ್ರೆಗೆ ಹೋಗಬೇಕು.

ಹಣದ ಚಿಂತೆಯೂ ಒತ್ತಡವೇ ಆದ್ದರಿಂದ ಇದೊಂದು ಮಾಹಿತಿ: 70 ವರ್ಷ ದಾಟಿದವರಿಗೆ ಆದಾಯ ಎಷ್ಟೇ ಇರಲಿ, ಆಯುಷ್ಮಾನ್ ಭಾರತ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಆಸ್ಪತ್ರೆ ಚಿಕಿತ್ಸೆಗೆ 2024ರ ಅಕ್ಟೋಬರಿನಿಂದ ಅವಕಾಶವಿದೆ. ಆಧಾರ್ ಕಾರ್ಡ್ ತಂದರೆ ನೋಂದಣಿಗೆ ನಾನೇ ಕೂತು ನೆರವಾಗುತ್ತೇನೆ.

ಬರುವ ತಿಂಗಳಿನಿಂದ ನೆರವಿನ ಅರ್ಜಿಯಲ್ಲಿ ಒಂದು ಹೊಸ ಸಾಲು ಸೇರಿಸಲು ಸಮಿತಿ ಒಪ್ಪಿದೆ: ‘ಆಸ್ಪತ್ರೆಯಿಂದ ಬಂದ ಮೇಲೆ ನಿಮ್ಮ ಜೊತೆ ಯಾರಿರುತ್ತಾರೆ?’ ಯಾರೂ ಇಲ್ಲ ಎಂದು ಬರೆಯುವವರಿಗೆ ಮೊದಲ ಮೂರು ತಿಂಗಳು ವಾರಕ್ಕೊಂದು ಫೋನು, ತಿಂಗಳಿಗೊಂದು ಭೇಟಿ ಮಾಡುವ ಜನ ಬೇಕಾಗಿದ್ದಾರೆ. ಮಾತ್ರೆ ತೆಗೆದುಕೊಂಡಿರಾ, ಊಟವಾಯಿತೇ, ಊರಿನಿಂದ ಫೋನು ಬಂತೇ ಎಂದು ಕನ್ನಡದಲ್ಲಿ ಕೇಳಲು ಬಂದರೆ ಸಾಕು, ವೈದ್ಯಕೀಯ ತಿಳಿದಿರಬೇಕಿಲ್ಲ. ನಿಧಿಗೆ ಹಣ ಕಳುಹಿಸುವ ಸದಸ್ಯರು ಚೆಕ್ಕಿನ ಜೊತೆ ಒಂದು ಚೀಟಿಯಲ್ಲಿ ತಮ್ಮ ಹೆಸರು, ಬಡಾವಣೆ, ಬಿಡುವಿನ ವಾರವನ್ನು ಬರೆದಿಟ್ಟರೆ ಹತ್ತಿರದ ರೋಗಿಯ ಜೊತೆ ನಾವು ಜೋಡಿಸುತ್ತೇವೆ. ಹಣ ಕೊಡಲಾಗದವರೂ ಚೀಟಿ ಕೊಡಬಹುದು. ಪ್ರತಿ ಶನಿವಾರ ಸಂಜೆ ಸಂಘದ ಕಚೇರಿಯಲ್ಲಿ ನಾನಿರುತ್ತೇನೆ.