ಮೋಟಾರು ಸೈಕಲ್ಲಿಗೆ ಆಯುಸ್ಸೆಷ್ಟು?

ತೋಟಕ್ಕೂ ಪೇಟೆಗೂ ಒಂದೇ ವಾಹನ ಸಾಕೆನ್ನುವ ಬೇಸಾಯಗಾರನಿಗೆ ‘ಡ್ಯುಯಲ್ ಸ್ಪೋರ್ಟ್’ ಜಾತಿಯ ಮೋಟಾರು ಸೈಕಲ್ಲು ಒಪ್ಪುವಂಥದು. ನೆಲದಿಂದ ಎತ್ತರ, ಕಡ್ಡಿ ಚಕ್ರ, ಉದ್ದನೆಯ ಫೋರ್ಕು. ಟಾರು ರಸ್ತೆಯಲ್ಲೂ ಓಡುತ್ತದೆ, ಕಲ್ಲು ಹಾದಿಯಲ್ಲೂ ಏರುತ್ತದೆ. 2016ರಲ್ಲಿ ಬಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಬಂದ ಹೀರೋ ಎಕ್ಸ್‌ಪಲ್ಸ್ 200 ಈ ಬಗೆಯವು. ಬೆಲೆ ಮಾತ್ರ ಸಣ್ಣದಲ್ಲ. ಶುಂಠಿ ಮಾರಿದ ಹಣವನ್ನು ಇದಕ್ಕೆ ಸುರಿಯುವ ಮುನ್ನ, ಇದು ಎಷ್ಟು ಕಾಲ ಬಾಳೀತು ಎಂದು ಕೇಳುವುದು ನ್ಯಾಯವೇ.

ಎಲ್ಲರೂ ಮೊದಲು ನೋಡುವುದು ಮೀಟರನ್ನು. ಆದರೆ ನಮ್ಮ ಸೀಮೆಯಲ್ಲಿ ಆ ಮೀಟರು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ. ಟ್ರಾಕ್ಟರಿನ ಮೀಟರನ್ನು ನೆನೆಯಿರಿ. ಅದು ಎಣಿಸುವುದು ಮೈಲಿಯನ್ನಲ್ಲ, ಎಂಜಿನ್ನು ದುಡಿದ ಗಂಟೆಗಳನ್ನು. ಮೋಟಾರು ಸೈಕಲ್ಲಿಗೂ ಇದೇ ಲೆಕ್ಕ ಹಿಡಿಯಬೇಕು. ಗಂಟೆಗೆ ಸರಾಸರಿ 50 ಕಿಲೋಮೀಟರು ಹೋಗುವ ಗಾಡಿ 30,000 ಕಿಲೋಮೀಟರು ಮುಗಿಸಲು 600 ಗಂಟೆ ದುಡಿದಿರುತ್ತದೆ. ತೋಟದ ಹಾದಿಯಲ್ಲಿ, ಘಾಟಿಯಲ್ಲಿ, ಒಂದನೆಯ ಎರಡನೆಯ ಗೇರಿನಲ್ಲಿ ಸರಾಸರಿ 20ರಂತೆ ತೆವಳಿದ ಗಾಡಿ ಅಷ್ಟೇ ದೂರಕ್ಕೆ 1,500 ಗಂಟೆ ದುಡಿದಿರುತ್ತದೆ. ಎರಡರ ಮೀಟರೂ ಒಂದೇ. ಸವೆತ ಎರಡೂವರೆ ಪಾಲು. ಪಂದ್ಯಕ್ಕೆಂದೇ ಮಾಡುವ ಮಣ್ಣುಹಾದಿಯ ಮೋಟಾರು ಸೈಕಲ್ಲುಗಳಿಗೆ ಕಂಪನಿಯವರೇ ಎಣ್ಣೆ ಬದಲಿಕೆಯನ್ನು ಗಂಟೆಯ ಲೆಕ್ಕದಲ್ಲಿ ಹೇಳುತ್ತಾರೆ.

ಆದುದರಿಂದ ಕಂಪನಿಯ ಪುಸ್ತಕದಲ್ಲಿ ಬರೆದ ಕಿಲೋಮೀಟರಿನವರೆಗೆ ನಾವು ಕಾಯತಕ್ಕದ್ದಲ್ಲ. ಅದೇ ಪುಸ್ತಕದಲ್ಲಿ, ಕಠಿಣ ಹಾದಿಯಲ್ಲಿ ಓಡಿಸುವವರು ಬೇಗ ಮಾಡಿಸಬೇಕೆಂಬ ಮಾತೂ ಸಾಮಾನ್ಯವಾಗಿ ಇರುತ್ತದೆ, ಓದುವವರು ಕಡಮೆ. ಮನೆಯಿಂದ ತೋಟಕ್ಕೆ ಎರಡೇ ಕಿಲೋಮೀಟರು ಓಡಿಸುವವರಿಗೆ ಇನ್ನೊಂದು ತೊಡಕುಂಟು. ಎಂಜಿನ್ನು ಚೆನ್ನಾಗಿ ಕಾಯುವ ಮೊದಲೇ ನಿಲ್ಲಿಸುವುದರಿಂದ ಒಳಗಿನ ತೇವ ಆವಿಯಾಗಿ ಹೋಗದೆ ಎಣ್ಣೆಯಲ್ಲೇ ಉಳಿಯುತ್ತದೆ. ಓಟ ಕಡಮೆಯಾದರೂ ವರ್ಷಕ್ಕೊಮ್ಮೆಯಾದರೂ ಎಣ್ಣೆ ಬದಲಿಸಲೇಬೇಕು. ಎಣ್ಣೆ ಹಾಲು ಬೆರೆಸಿದ ಕಾಫಿಯಂತೆ ಕಂಡರೆ ನೀರು ಸೇರಿದೆಯೆಂದು ತಿಳಿಯಿರಿ.

ಧೂಳು ಮತ್ತು ನೀರು, ಈ ಎರಡು ಶತ್ರುಗಳೂ ನಮ್ಮ ತಾಲೂಕಿನ ಆಚೆ ಈಚೆ ಇವೆ. ಮಸಿನಗುಡಿ ಮಳೆಯ ಮರೆಯ ಒಣಸೀಮೆ. ಅಲ್ಲಿನ ಹುಡಿ ಏರ್ ಫಿಲ್ಟರಿನ ಸಂದಿಯಲ್ಲಿ ನುಗ್ಗಿದರೆ ಪಿಸ್ಟನ್ನಿನ ರಿಂಗನ್ನೂ ಬೋರನ್ನೂ ಸಾಣೆ ಹಿಡಿದಂತೆ ತೇಯುತ್ತದೆ. ಕಾಗದದ ಫಿಲ್ಟರನ್ನು ತೊಳೆಯಬಾರದು, ಬದಲಿಸಬೇಕು. ಸ್ಪಂಜಿನದನ್ನು ತೊಳೆದು, ಒಣಗಿಸಿ, ಅದಕ್ಕೆ ತಕ್ಕ ಎಣ್ಣೆ ಹಚ್ಚಬಹುದು. ದೇವಾಲವಾದರೋ ತಮಿಳುನಾಡಿನಲ್ಲೇ ಅತಿ ಹೆಚ್ಚು ಮಳೆ ಬೀಳುವ ಊರುಗಳಲ್ಲೊಂದು. ಅಲ್ಲಿ ಚೈನು, ಚಕ್ರದ ಬೇರಿಂಗು, ಹ್ಯಾಂಡಲ್ ಬೇರಿಂಗು, ಬ್ರೇಕು ಇವುಗಳು ಎಂಜಿನ್ನಿಗಿಂತ ಮೊದಲು ಹೋಗುತ್ತವೆ. ಕೆಸರು ತೊಳೆಯುವಾಗ ಪಂಪಿನ ನೀರನ್ನು ಬೇರಿಂಗಿನ ಮೇಲೆ ನೇರ ಬಿಡಬೇಡಿ, ಗ್ರೀಸು ಕೊಚ್ಚಿಹೋಗುತ್ತದೆ. ಹಳ್ಳದಲ್ಲಿ ಎಂಜಿನ್ನು ನೀರು ಕುಡಿದು ನಿಂತರೆ ಅಲ್ಲೇ ಸ್ಟಾರ್ಟು ಮಾಡಹೋಗಬಾರದು. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಕನೆಕ್ಟಿಂಗ್ ರಾಡು ಬಾಗೀತು.

ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಲಟ್ಟಿ ಘಾಟಿಗೆ 36 ಹೇರ್‌ಪಿನ್ ತಿರುವುಗಳು. ಏರುವಾಗ ಅರ್ಧ ಕ್ಲಚ್ಚಿನಲ್ಲಿ ಎಳೆಸಿದರೆ ಕ್ಲಚ್ ಪ್ಲೇಟು ಸುಡುತ್ತದೆ. ಇಳಿಯುವಾಗ ಗೇರು ತಗ್ಗಿಸದೆ ಬ್ರೇಕನ್ನೇ ನಂಬಿದರೆ ಬ್ರೇಕು ಕಾದು ಹಿಡಿತ ತಪ್ಪುತ್ತದೆ. ಅದು ಗಾಡಿಯ ಆಯುಸ್ಸಿನ ಮಾತಲ್ಲ, ಸವಾರನ ಆಯುಸ್ಸಿನ ಮಾತು.

ಅಂತೂ ಒಂದು ಅಂಕಿ ಹೇಳಿ ಎಂದರೆ, ಎಣ್ಣೆ ಫಿಲ್ಟರು ತಪ್ಪದೆ ನೋಡಿಕೊಂಡ ಗಾಡಿಯಿಂದ ಎಂಜಿನ್ನು ಬಿಚ್ಚದೆ 60,000–80,000 ಕಿಲೋಮೀಟರು ನಿರೀಕ್ಷಿಸುವುದು ಅತಿಯಾಸೆಯಲ್ಲವೆಂದು ನನ್ನ ಅಂದಾಜು. ಬರೀ ಘಾಟಿಯಲ್ಲೇ ದುಡಿಸಿದರೆ ಅದಕ್ಕಿಂತ ಕಡಮೆ ಹಿಡಿಯಿರಿ. ರಿಂಗು, ಪಿಸ್ಟನ್ನು ಹೊಸದು ಹಾಕಿಸಿದರೆ ಮತ್ತೊಂದು ಬಾಳು ಬಂದೀತು.

ಆ ಮತ್ತೊಂದು ಬಾಳಿಗೆ ಬಿಡಿಭಾಗ ಸಿಕ್ಕಬೇಕಷ್ಟೆ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಲ್ಲಿ ಆರಂಭವಾಗಿ 1996ರಲ್ಲಿ ಮುಚ್ಚಿತು. ಆದರೂ ಅಲ್ಲಿನ ಜಾವಾ, ಯೆಜ್ದಿಗಳು ಇಂದಿಗೂ ಓಡುತ್ತಿವೆ. ಬಿಡಿಭಾಗ ಹುಡುಕಿ ತರುವವರೂ, ಕೈಗುಣವಿರುವ ಮೆಕ್ಯಾನಿಕರೂ ಇರುವುದರಿಂದ. ನಮ್ಮ ದೇಶದಲ್ಲಿ ಈ ಜಾತಿಯ ಮೊದಮೊದಲ ಗಾಡಿಗಳಲ್ಲೊಂದಾದ ಹೀರೋ ಇಂಪಲ್ಸ್ 2011ರಲ್ಲಿ ಬಂದು, ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. ಹಳೆಯದನ್ನು ಕೊಳ್ಳುವವರು ಬೆಲೆ ಚೌಕಾಶಿಗೆ ಮೊದಲು ಹತ್ತಿರದ ಅಂಗಡಿಯಲ್ಲಿ ಕ್ಲಚ್ ಪ್ಲೇಟು, ಚೈನ್ ಸೆಟ್ಟು ಸಿಗುತ್ತವೆಯೇ ಎಂದು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಹಳೆಯ ಗಾಡಿಯನ್ನು ಎಂಜಿನ್ನು ತಣ್ಣಗಿರುವಾಗಲೇ ಹೋಗಿ ನೋಡಿ. ಮಾರುವವನು ಮೊದಲೇ ಕಾಯಿಸಿಟ್ಟಿದ್ದರೆ ಸಂಶಯಪಡಿ. ನೀಲಿ ಹೊಗೆ ಎಣ್ಣೆ ಸುಡುವ ಗುರುತು. ಹಿಂದಿನ ಸ್ಪ್ರಾಕೆಟ್ಟಿನ ಮೇಲೆ ಚೈನನ್ನು ಹಿಂದಕ್ಕೆ ಎಳೆಯಿರಿ. ಹಲ್ಲು ಬಿಟ್ಟು ಎದ್ದು ಬಂದರೆ ಚೈನು, ಸ್ಪ್ರಾಕೆಟ್ಟು ಎರಡೂ ಒಟ್ಟಿಗೆ ಬದಲಾಗಬೇಕು. ಮುಂದಿನ ಚಕ್ರ ಎತ್ತಿ ಹ್ಯಾಂಡಲ್ ನಿಧಾನವಾಗಿ ತಿರುಗಿಸಿ. ನಡುವೆ ಸಿಕ್ಕಿಕೊಂಡಂತಾದರೆ ಬೇರಿಂಗು ಸೋತಿದೆ. ಕಡೆಗೆ ಆರ್.ಸಿ. ಪುಸ್ತಕದ ತಾರೀಖು ಓದಿ. ಸ್ವಂತ ವಾಹನದ ನೋಂದಣಿ 15 ವರ್ಷಕ್ಕೆ ಮುಗಿಯುತ್ತದೆ. ಬಳಿಕ ತಪಾಸಣೆಯಲ್ಲಿ ತೇರ್ಗಡೆಯಾದರೆ ಐದೈದು ವರ್ಷ ಮುಂದುವರಿಸಿಕೊಡುತ್ತಾರೆ. ಅವಧಿ ಮುಗಿಯುವುದಕ್ಕೆ 60 ದಿನ ಮುಂಚಿನಿಂದಲೇ ಅರ್ಜಿ ಹಾಕಬಹುದು.